ಒರೆಸಿ ಕೊಟ್ಟ ಮೀನು

ಲ್ಯಾಬಿನ ವ್ಯಾನು ಗೇಟಿನ ಬಳಿ ಹಾರ್ನ್ ಹಾಕುವಷ್ಟರಲ್ಲಿ ಅತ್ತಿಗೆ ಪ್ಯಾಕಿಂಗ್ ಕೋಣೆಯ ಕಪಾಟಿನಿಂದ ಸ್ಟೀಲ್ ಡಬ್ಬಿ ಇಳಿಸಿ ಮೇಜಿನ ಮೇಲೆ ಇಟ್ಟಾಗಿತ್ತು. ಡಬ್ಬಿಯೊಳಗೆ ಮಡಚಿಟ್ಟ ಬಿಳಿ ಬಟ್ಟೆ. ಅದನ್ನು ಬಟ್ಟಲಿನ ನೀರಿನಲ್ಲಿ ಅದ್ದಿ, ಹನಿ ಉದುರದಂತೆ ಹಿಂಡಿ, ಎಡ ಅಂಗೈಯ ಮೇಲೆ ಹರಡಿಕೊಂಡರು. ಬಲಗೈಯಲ್ಲಿ ಒಂದು ಒಣ ಬಂಗುಡೆ. ತಲೆಯಿಂದ ಬಾಲದ ಕಡೆಗೆ ಒಂದೇ ಎಳೆತ. ಮೈಗೆ ಅಂಟಿದ್ದ ಉಪ್ಪಿನ ಪುಡಿಯೆಲ್ಲ ಹೋಗಿ ಮೀನು ಹೊಸ ಪಾತ್ರೆಯ ಹಾಗೆ ಹೊಳೆಯಿತು. ತಿರುಗಿಸಿ ಇನ್ನೊಂದು ಎಳೆತ. ಕಿವಿರಿನ ಸಂದಿಗೆ ಬಟ್ಟೆಯ ತುದಿ ತೂರಿಸಿ ಒಂದು ಸುತ್ತು.

“ಸ್ವಲ್ಪ ಪೌಡರನ್ನೂ ಹಚ್ಚಿಬಿಡಿ ಅತ್ತಿಗೆ, ಫೋಟೋ ತೆಗೆಸೋಕೆ ಹೊರಟ ಹಾಗಿದೆ,” ಎಂದ ಬಾಗಿಲಲ್ಲಿ ನಿಂತು ಬಿಸ್ಕತ್ತು ತಿನ್ನುತ್ತಿದ್ದ ಮೈದುನ.

“ನೀನು ಹೊಸ್ತಿಲು ದಾಟಬೇಡ. ಆ ಕೈ ಎಲ್ಲೆಲ್ಲಿ ಹೋಗಿ ಬಂದಿದೆಯೋ.”

“ಜೇಬಿಗೆ ಹೋಗಿ ಬಂತು, ಅಷ್ಟೇ.”

“ಜೇಬಲ್ಲಿ ಏನಿತ್ತು?”

“ಬಿಸ್ಕತ್ತು. ಸ್ವಲ್ಪ ಮೊಳೆ. ಮತ್ತೆ ಆ ಬೆಕ್ಕಿಗೆ ಅಂತ ಇಟ್ಟಿದ್ದ ಒಂದು ಮೀನಿನ ತಲೆ.”

ಅತ್ತಿಗೆ ಒರೆಸಿದ ಮೀನುಗಳನ್ನು ಒಂದೊಂದಾಗಿ ಚೀಲಕ್ಕೆ ಇಳಿಸಿದರು. ಚೀಲದ ಬಾಯಿ ಹಿಡಿದು ನಿಂತಿರಬೇಕಾದ ವ್ಯಾನಿನವನು ಆರಾಮಾಗಿ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದ. ನಿಯಮದ ಪ್ರಕಾರ ಪರೀಕ್ಷೆಯ ಸ್ಯಾಂಪಲ್ಲಿಗೆ ಅವನೇ ಮೀನು ಒಣಗಿಸುವ ಅಂಗಳಕ್ಕೆ ಹೋಗಿ, ತನಗೆ ತೋಚಿದ ಕಡೆಯಿಂದ, ತಾನು ತಂದ ಚಿಮಟದಲ್ಲಿ ಮೀನು ಎತ್ತಬೇಕು. ಆದರೆ ಇನ್ನೊಬ್ಬರ ಅಂಗಳದಲ್ಲಿ ಕೈ ಆಡಿಸುವುದು ಅವನಿಗೆ ಸಂಕೋಚ. ಮನೆಯ ಹೆಂಗಸೇ ಒಳ್ಳೆಯದನ್ನು ಆರಿಸಿ, ಒರೆಸಿ ಕೊಡುವಾಗ ಬೇಡ ಎನ್ನುವುದು ಹೇಗೆ? ಇದರಲ್ಲಿ ಲಂಚವಿರಲಿಲ್ಲ, ಮೋಸವಿರಲಿಲ್ಲ. ಇದ್ದದ್ದು ಮರ್ಯಾದೆ ಮಾತ್ರ. ಚಿಮಟ ಒಮ್ಮೆಯೂ ಬಿಚ್ಚಿಕೊಳ್ಳದೆ ಪೊಟ್ಟಣದಲ್ಲೇ ಭದ್ರವಾಗಿತ್ತು.

ಹಿಂದಿನ ಸಲ ಹೀಗೇ ಆರಿಸಿ, ಒರೆಸಿ ಕೊಟ್ಟ ಮೀನು ಪರೀಕ್ಷೆಯಲ್ಲಿ ಫೇಲ್ ಆಗಿತ್ತು. ಬ್ಯಾಕ್ಟೀರಿಯಾ ಮಿತಿ ಮೀರಿವೆ ಎಂದು ವರದಿ ಬಂದಿತ್ತು. ಅಂಗಳದ ಮುಕ್ಕಾಲು ಪಾಲು ಮೀನನ್ನು ಕೊಳ್ಳುವುದು ಒಂದೇ ಕಂಪನಿ. ಊರೂರಿನಲ್ಲಿ ಅಂಗಡಿ ಇಟ್ಟಿರುವ, ಸ್ವಂತ ಲ್ಯಾಬು ಇರುವ ಕಂಪನಿ. ಇನ್ನೆರಡು ಸಲ ಹೀಗಾದರೆ ಖರೀದಿ ನಿಲ್ಲಿಸುತ್ತೇವೆ ಎಂದು ಅವರು ಸಭ್ಯ ಭಾಷೆಯಲ್ಲೇ ತಿಳಿಸಿದ್ದರು. ಆದ್ದರಿಂದ ಈ ಬಾರಿ ಅತ್ತಿಗೆ ಪ್ರತಿ ಮೀನನ್ನೂ ಎರಡೆರಡು ಸಲ ಒರೆಸಿದರು.

ಅದೂ ಫೇಲ್ ಆಯಿತು. ಮೊದಲಿಗಿಂತ ಜೋರಾಗಿ.

*

ಅವರಿಗೆ ಹೆಸರಿಲ್ಲವೆಂದಲ್ಲ. ಆದರೆ ಮೈದುನನ ಬಾಯಿಂದ ಹೊರಟ ‘ಅತ್ತಿಗೆ’ ಎಂಬ ಕರೆ ಮೀನು ಹರವುವ ಹೆಂಗಸರಿಗೆ ಹತ್ತಿ, ಅವರಿಂದ ಐಸಿನ ಗಾಡಿಯವನಿಗೆ ಹತ್ತಿ, ಈಗ ಬ್ಯಾಂಕಿನವರೂ ಹಾಗೇ ಕರೆಯುತ್ತಾರೆ. ಬಸ್ ಡಿಪೋದ ಗುಮಾಸ್ತರೊಬ್ಬರ ಮಗಳು. ಮದುವೆಗೆ ಮುಂಚೆ ಮೀನನ್ನು ತಟ್ಟೆಯಲ್ಲಿ ಕಂಡದ್ದೇ ಹೊರತು ಬುಟ್ಟಿಯಲ್ಲಿ ಕಂಡವರಲ್ಲ. ಮದುವೆಯಾಗಿ ಬಂದ ಮನೆಯ ಹಿತ್ತಲ ಬಾಗಿಲು ತೆರೆದರೆ ಅಂಗಳ, ಅಂಗಳದ ತುಂಬ ನೆಲದ ಮರಳಿನ ಮೇಲೆಯೇ ಹರವಿದ ಮೀನು, ಮೀನಿನ ಮೇಲೆ ನಾಯಿ ನಡೆದ ಹೆಜ್ಜೆ. ಮೊದಲ ವಾರ ಮೂಗಿಗೆ ಸೆರಗು ಹಿಡಿದೇ ಓಡಾಡಿದರು. ಎರಡನೆಯ ವಾರ ಸೆರಗು ಸೊಂಟಕ್ಕೆ ಸಿಕ್ಕಿಸಿ ಪೊರಕೆ ಹಿಡಿದರು.

ಇಂದು ಆ ಅಂಗಳದಲ್ಲಿ ಮೀನು ನೆಲ ಮುಟ್ಟುವುದಿಲ್ಲ. ಸೊಂಟದೆತ್ತರದ ಮರದ ಚೌಕಟ್ಟುಗಳ ಮೇಲೆ ಬಲೆ ಬಿಗಿದಿದೆ. ಮೇಲಿನಿಂದ ಗಾಳಿ, ಕೆಳಗಿನಿಂದಲೂ ಗಾಳಿ. ದೋಣಿಯಿಂದ ಬಂದ ಹಸಿ ಮೀನು ನೇರ ಐಸಿನ ಪೆಟ್ಟಿಗೆಗೆ ಹೋಗುತ್ತದೆ, ಕರುಳು ತೆಗೆಯುವವರೆಗೆ ಅಲ್ಲೇ ಇರುತ್ತದೆ. ಕರುಳು ತೆಗೆಯುವ ಚೂರಿ ಬೇರೆ, ಉಪ್ಪು ಸವರುವ ಕೈ ಬೇರೆ. ಕೆಲಸಕ್ಕೆ ಬರುವ ಹೆಂಗಸರ ಉಗುರನ್ನು ಅತ್ತಿಗೆ ಗೇಟಿನಲ್ಲೇ ನೋಡುತ್ತಾರೆ. ಇದೆಲ್ಲ ಸರಿಯಾಗಿಯೇ ಇತ್ತು. ಲ್ಯಾಬಿನವರು ಬಂದು ನೋಡಿದಾಗಲೂ ಸರಿಯೆಂದೇ ಹೇಳಿದ್ದರು.

ಸರಿಯಾಗಿದ್ದ ಇಷ್ಟೆಲ್ಲದರ ಮೇಲೆ ಕಿರೀಟವಿಟ್ಟಂತೆ ಇದ್ದದ್ದು ಆ ಬಿಳಿ ಬಟ್ಟೆ. ಒಣಗಿದ ಮೀನಿನ ಮೇಲೆ ಉಪ್ಪು ಬೂದಿಯ ಹಾಗೆ ಕೂರುತ್ತದೆ, ನೋಡಲು ಚೆನ್ನಾಗಿರುವುದಿಲ್ಲ. ಅದಕ್ಕೇ ಒರೆಸುವುದು. ಒರೆಸುವ ಹಕ್ಕು ಅತ್ತಿಗೆಗೆ ಮಾತ್ರ. ಬಟ್ಟೆಯನ್ನು ಮನೆಯ ಬಟ್ಟೆಗಳ ಜೊತೆ ಒಗೆಯುವಂತಿಲ್ಲ. ಸೋಪು ಹಾಕುವಂತಿಲ್ಲ, ಮೀನಿಗೆ ಸೋಪಿನ ವಾಸನೆ ಹಿಡಿಯುತ್ತದೆ. ಹೊರಗೆ ಹರವುವಂತಿಲ್ಲ, ಅಂಗಳದ ನೊಣ ಬಂದು ಕೂರುತ್ತದೆ. ಕೆಲಸ ಮುಗಿದ ಮೇಲೆ ಬಟ್ಟಲಿನ ನೀರಿನಲ್ಲಿ ಜಾಲಿಸಿ, ಹಿಂಡಿ, ಮಡಚಿ, ಧೂಳು ಬೀಳದ ಹಾಗೆ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದರೆ ಮುಗಿಯಿತು. ಇಷ್ಟೊಂದು ಜತನವನ್ನು ಆ ಮನೆಯಲ್ಲಿ ಇನ್ನೊಂದು ವಸ್ತು ಕಂಡಿರಲಿಲ್ಲ. ಬಿಸಿಲನ್ನೇ ನಂಬಿ ಬದುಕುವ ಆ ಅಂಗಳದಲ್ಲಿ ಬಿಸಿಲು ಕಾಣದ ವಸ್ತುವೂ ಇನ್ನೊಂದಿರಲಿಲ್ಲ.

*

ಎರಡನೆಯ ವರದಿ ಬಂದ ದಿನ ಮಧ್ಯಾಹ್ನದ ಊಟಕ್ಕೆ ಎಲ್ಲರೂ ಒಟ್ಟಿಗೆ ಕೂತರು. ಅತ್ತಿಗೆಯ ಗಂಡ, ಅಂದರೆ ಅಂಗಳದ ಯಜಮಾನರು, ಮಿತಭಾಷಿ. ತಲೆ ಕೆಟ್ಟಾಗ ಅನ್ನವನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕಲಸುತ್ತಾರೆ. ಅವರ ತಾಯಿ, ಮನೆಯವರೆಲ್ಲರ ಬಾಯಲ್ಲಿ ಅಜ್ಜಿ, ಮೊದಲು ಬಾಯಿ ಬಿಟ್ಟರು.

“ನಮ್ಮ ಕಾಲದಲ್ಲಿ ಮರಳಲ್ಲೇ ಹರವ್ತಿದ್ವಿ. ನಾಯಿ ನೆಕ್ತಿತ್ತು. ಯಾವ ಲ್ಯಾಬೂ ಫೇಲ್ ಮಾಡಲಿಲ್ಲ.”

“ಲ್ಯಾಬೇ ಇರಲಿಲ್ಲವಲ್ಲಮ್ಮ,” ಎಂದರು ಯಜಮಾನರು.

“ಅದನ್ನೇ ನಾನೂ ಹೇಳ್ತಿರೋದು.”

“ಇದು ಕೈಯಿಂದಲೇ ಬಂದಿರೋದು,” ಎಂದರು ಅತ್ತಿಗೆ, ಮೈದುನನ ಕೈ ನೋಡುತ್ತ. “ಗೋಡೌನಲ್ಲಿ ಮೂಟೆ ಎತ್ತೋರು ಯಾರು? ಬೆಕ್ಕು ಮುಟ್ಟಿ, ಬಿಸ್ಕತ್ತು ಮುಟ್ಟಿ, ಅದೇ ಕೈ.”

“ನಾನು ಮೂಟೆ ಮುಟ್ತೀನಿ ಅತ್ತಿಗೆ, ಮೀನು ಮುಟ್ಟಲ್ಲ. ಮೀನು ಮುಟ್ಟೋರು ನೀವು.”

“ನಾನು ಮುಟ್ಟೋದಕ್ಕೆ ಮುಂಚೆ ಕೈ ತೊಳೀತೀನಿ. ಮುಟ್ಟಿದ ಮೇಲೂ ತೊಳೀತೀನಿ. ಇನ್ನೇನು ಕೈಯನ್ನೇ ಕುದಿಸಲಾ?”

“ನೀವು ಕುದಿಸೋರೇ. ಅಣ್ಣ ಗ್ಯಾಸ್ ಉಳಿಸು ಅಂದಿದ್ದಕ್ಕೆ ಬಿಟ್ಟಿದ್ದೀರಿ.”

ಊಟ ಮುಗಿಯುವ ಹೊತ್ತಿಗೆ ತೀರ್ಮಾನವಾಗಿತ್ತು. ಪ್ಯಾಕಿಂಗ್ ಕೋಣೆಗೆ ಮೈದುನ ಕಾಲಿಡುವಂತಿಲ್ಲ. ಕೋಣೆಯ ಬೀಗದ ಕೈ ಅತ್ತಿಗೆಯ ಸೊಂಟದಲ್ಲಿ. ಸ್ಯಾಂಪಲ್ಲಿಗೆ ಕೊಡುವ ಮೀನನ್ನಷ್ಟೇ ಅಲ್ಲ, ‘ವಿಶೇಷ’ ಪೊಟ್ಟಣದ ಪ್ರತಿ ತುಂಡನ್ನೂ ಇನ್ನು ಮುಂದೆ ತಾವೇ ಒರೆಸುವುದಾಗಿ ಅತ್ತಿಗೆ ಘೋಷಿಸಿದರು. ಈ ವಿಶೇಷ ಪೊಟ್ಟಣ ಅಂಗಳದ ಹೆಮ್ಮೆ. ಮುಳ್ಳು ತೆಗೆದು, ಬೆರಳಗಲ ಸೀಳಿ, ಒಣಗಿಸಿದ ಮೀನು. ಪೊಟ್ಟಣ ಹರಿದು ಹಾಗೇ ಬಾಯಿಗೆ ಹಾಕಿಕೊಳ್ಳಬಹುದು. ಬೇಯಿಸಬೇಕಿಲ್ಲ, ಹುರಿಯಬೇಕಿಲ್ಲ. ಬೆಲೆಯೂ ಹಾಗೇ ಇತ್ತು. ಅಂಗಳದ ಅತಿ ದುಬಾರಿ ಮೀನಿಗೆ ಅತಿ ಹೆಚ್ಚು ಒರೆಸಿಕೊಳ್ಳುವ ಭಾಗ್ಯ ಬಂತು. ಅಗ್ಗದ ಮೂಟೆಯ ಮೀನು ಮಾತ್ರ ಉಪ್ಪು ಮೆತ್ತಿಕೊಂಡು, ಯಾರೂ ಒರೆಸುವವರಿಲ್ಲದೆ, ಗೋಡೌನಿನಲ್ಲಿ ತನ್ನ ಪಾಡಿಗೆ ತಾನು ಆರೋಗ್ಯವಾಗಿತ್ತು.

*

ಮೂರನೆಯ ಸ್ಯಾಂಪಲ್ಲಿಗೆ ವ್ಯಾನು ಹೇಳದೆ ಕೇಳದೆ ಬಂತು. ಆ ಹೊತ್ತಿಗೆ ಅತ್ತಿಗೆ ದಂತವೈದ್ಯರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದರು. ವಾರದಿಂದ ಕಾಡುತ್ತಿದ್ದ ದವಡೆ ಹಲ್ಲು ಕೀಳಿಸಿಕೊಳ್ಳಲು ಗಂಡನ ಸ್ಕೂಟರಿನಲ್ಲಿ ಹೋಗಿದ್ದರು. ಬೀಗದ ಕೈಯೂ ಅವರ ಜೊತೆಗೇ ಹೋಗಿತ್ತು. ಅಂಗಳದಲ್ಲಿದ್ದ ಜವಾಬ್ದಾರಿಯುತ ವ್ಯಕ್ತಿಯೆಂದರೆ ಮೈದುನ. ಅವನು ಯೋಚಿಸಲಿಲ್ಲ. ಹತ್ತಿರದ ಬಲೆಯ ಮೇಲಿದ್ದ ಮೀನುಗಳಲ್ಲಿ ಕೈಗೆ ಸಿಕ್ಕಷ್ಟನ್ನು, ಉಪ್ಪು, ಗಾಳಿಗೆ ಹಾರಿ ಕೂತ ಮರಳಿನ ಕಣ ಸಮೇತ ಚೀಲಕ್ಕೆ ಸುರಿದ.

“ಒರೆಸಲ್ವಾ?” ಎಂದು ವ್ಯಾನಿನವನು ಕೇಳಿದ.

“ಒರೆಸೋರು ಹಲ್ಲು ಕೀಳಿಸೋಕೆ ಹೋಗಿದ್ದಾರೆ.”

ಸಂಜೆ ಅತ್ತಿಗೆಗೆ ಸುದ್ದಿ ತಿಳಿಯಿತು. ಕೆನ್ನೆ ಊದಿ, ಬಾಯಲ್ಲಿ ಹತ್ತಿಯಿದ್ದುದರಿಂದ ಬೈಯಲು ಆಗಲಿಲ್ಲ. ಕೈ ಸನ್ನೆಯಲ್ಲಿ ಎಷ್ಟು ಬೈಯಬಹುದೋ ಅಷ್ಟು ಬೈದರು. ಕಂಪನಿ ಹೋಯಿತು, ಅಂಗಳ ಹೋಯಿತು, ಇಷ್ಟು ವರ್ಷ ಕಟ್ಟಿದ ಹೆಸರು ಈ ಬಿಸ್ಕತ್ತಿನ ಕೈಯಲ್ಲಿ ಹೋಯಿತು ಎಂಬುದು ಆ ಸನ್ನೆಗಳ ಸಾರಾಂಶ.

ವರದಿ ಬಂತು. ಪಾಸ್. ಸುಮ್ಮನೆ ಪಾಸಲ್ಲ, ಆ ತಿಂಗಳು ಲ್ಯಾಬಿಗೆ ಬಂದ ಒಣಮೀನಿನಲ್ಲೇ ಅತ್ಯಂತ ಶುದ್ಧವಾದದ್ದು ಇದು ಎಂಬ ಮೆಚ್ಚುಗೆಯ ಸಾಲೂ ಇತ್ತು.

ಮೈದುನ ಆ ದಿನ ಅಂಗಳದ ತುಂಬ ಕೈ ಹಿಂದೆ ಕಟ್ಟಿಕೊಂಡು ನಡೆದಾಡಿದ. ಅದು ಅಪರೂಪಕ್ಕೆ ಜೇಬಿನಿಂದ ಹೊರಬಿದ್ದ ಕೈ. “ನೋಡಿ ಅತ್ತಿಗೆ, ಮೀನಿಗೆ ಬೇಕಾಗಿರೋದು ಪ್ರೀತಿ. ಉಜ್ಜೋದಲ್ಲ.” ಅತ್ತಿಗೆಯ ಬಾಯಿ ಆ ಹೊತ್ತಿಗೆ ನೆಟ್ಟಗಾಗಿತ್ತು. “ಎಲ್ಲಿಂದ ತಂದೆ ಆ ಮೀನು? ನಿಜ ಹೇಳು. ಪಕ್ಕದ ಅಂಗಳದ್ದು ತಾನೆ?” ಎಂದು ಕೇಳಿದರು. ಅವನು ಹೇಳಿದ್ದನ್ನು ನಂಬಲಿಲ್ಲ. ಗಂಡನೂ ಪೂರ್ತಿ ನಂಬಲಿಲ್ಲ. ಆದರೆ ಪಾಸಾದ ಮೀನಿನ ಮೂಲ ಹುಡುಕುವ ಉತ್ಸಾಹ ಅವರಲ್ಲಿ ಇರಲಿಲ್ಲ.

ನಂಬದ ಇನ್ನೊಬ್ಬರಿದ್ದರು.

*

ಲ್ಯಾಬಿನ ಮೇಡಂ ಒಂದು ಬೆಳಿಗ್ಗೆ ತಾವೇ ವ್ಯಾನಿನಲ್ಲಿ ಕೂತು ಬಂದರು. ಎಳೆಯ ವಯಸ್ಸು, ದಪ್ಪ ಕನ್ನಡಕ, ಹೆಗಲಲ್ಲಿ ಐಸಿನ ಚೀಲ. ಬಂದವರೇ ನೇರ ವಿಷಯಕ್ಕಿಳಿದರು. ಒಂದೇ ಅಂಗಳದ ಮೀನು ಎರಡು ಸಲ ಅಷ್ಟು ಕೆಟ್ಟದಾಗಿ, ಒಂದು ಸಲ ಇಷ್ಟು ಚೆನ್ನಾಗಿ ಬರಲು ಸಾಧ್ಯವಿಲ್ಲ. ಯಾವುದೋ ಒಂದು ಈ ಅಂಗಳದ್ದಲ್ಲ.

“ನಾನೂ ಅದನ್ನೇ ಹೇಳಿದ್ದು!” ಎಂದರು ಅತ್ತಿಗೆ, ಮೊದಲ ಬಾರಿಗೆ ಒಬ್ಬ ಜೊತೆಗಾರ್ತಿ ಸಿಕ್ಕ ಸಂತೋಷದಲ್ಲಿ.

“ಸ್ಯಾಂಪಲ್ ಕೊಡೋವಾಗ ನೀವು ಏನೇನು ಮಾಡ್ತೀರಿ, ಮೊದಲಿಂದ ತೋರಿಸ್ತೀರಾ ಅತ್ತಿಗೆ? ಒಂದೂ ಬಿಡದೆ.”

ಅತ್ತಿಗೆ ತೋರಿಸಿದರು. ಹೊಸ ಅಳಿಯನಿಗೆ ಮನೆ ತೋರಿಸುವ ಹುರುಪಿನಲ್ಲಿ ತೋರಿಸಿದರು. ಐಸಿನ ಪೆಟ್ಟಿಗೆ, ಚೂರಿ, ಉಪ್ಪಿನ ತೊಟ್ಟಿ, ಬಲೆ. ಪ್ರತಿ ಹಂತದಲ್ಲೂ ಮೇಡಂ ಹತ್ತಿ ಸುತ್ತಿದ ಕಡ್ಡಿಯೊಂದನ್ನು ತೆಗೆದು ಅಲ್ಲಲ್ಲಿ ಉಜ್ಜಿ ಸಣ್ಣ ಕೊಳವೆಗೆ ಹಾಕಿ ಮುಚ್ಚಿದರು. ಮೈದುನನ ಅಂಗೈಗೂ ಉಜ್ಜಿದರು. ಅವನು ಕಚಗುಳಿಗೆ ನಕ್ಕ. ಅತ್ತಿಗೆಯ ಅಂಗೈಗೂ ಉಜ್ಜಿದರು. ಕೊನೆಗೆ ಪ್ಯಾಕಿಂಗ್ ಕೋಣೆಯ ಬೀಗ ತೆರೆಯಿತು, ಡಬ್ಬಿ ಮೇಜಿಗೆ ಬಂತು, ಮುಚ್ಚಳ ತೆರೆಯಿತು.

“ಇದನ್ನ ನಾನೊಬ್ಬಳೇ ಮುಟ್ಟೋದು,” ಎಂದರು ಅತ್ತಿಗೆ.

ಮೇಡಂ ಸ್ವಲ್ಪ ಹೊತ್ತು ಡಬ್ಬಿಯನ್ನು ನೋಡಿದರು. “ಒಣಗಿಸೋದು ಎಲ್ಲಿ?”

“ಒಣಗಿಸಲ್ಲ. ಧೂಳು, ನೊಣ. ಯಾವಾಗಲೂ ಇದರಲ್ಲೇ ಭದ್ರ.”

ಮೇಡಂ ಕಡ್ಡಿ ತೆಗೆದರು.

ಫಲಿತಾಂಶ ಬರುವವರೆಗಿನ ದಿನಗಳಲ್ಲಿ ಅತ್ತಿಗೆ ಲವಲವಿಕೆಯಿಂದ ಇದ್ದರು. ಮೈದುನನ ಅಂಗೈಯ ವರದಿಗಾಗಿ ಅವರು ಕಾಯುತ್ತಿದ್ದರು. ಅದನ್ನು ಕನ್ನಡಿ ಪಕ್ಕದ ಗೋಡೆಗೆ ಅಂಟಿಸುವುದಾಗಿ ಅಜ್ಜಿಗೆ ಹೇಳಿಯೂ ಇಟ್ಟಿದ್ದರು.

ಮೇಡಂ ಮತ್ತೆ ಬಂದಾಗ ಫೋನಿನಲ್ಲಿ ಚಿತ್ರಗಳಿದ್ದವು. ಮುಚ್ಚಳದ ಪುಟ್ಟ ತಟ್ಟೆಗಳು, ತಟ್ಟೆಯಲ್ಲಿ ಹಳದಿ ಬಣ್ಣದ ಅಂಟು, ಅಂಟಿನ ಮೇಲೆ ಬ್ಯಾಕ್ಟೀರಿಯಾ ಬೆಳೆದ ಚುಕ್ಕಿಗಳು. ಅತ್ತಿಗೆಯ ಅಂಗೈಯ ತಟ್ಟೆ ಹೆಚ್ಚುಕಡಿಮೆ ಖಾಲಿ. ಬಲೆಯ ಮೇಲಿನ ಮೀನಿನದೂ ಹಾಗೇ. ಮೈದುನನ ಅಂಗೈಯದು ನಿರೀಕ್ಷೆಯಂತೆ ಸಾಕಷ್ಟು ಜನಭರಿತ. ಕೊನೆಯ ತಟ್ಟೆಯಲ್ಲಿ ಚುಕ್ಕಿಗಳೇ ಇರಲಿಲ್ಲ. ಒಂದಕ್ಕೊಂದು ಕೂಡಿಕೊಂಡು ಗಂಜಿಯ ಕೆನೆ ಕಟ್ಟಿದ ಹಾಗೆ ಮುಚ್ಚಿಹೋಗಿತ್ತು.

“ಇದು ಇವನ ಇನ್ನೊಂದು ಕೈಯಾ?” ಅತ್ತಿಗೆ ಕೇಳಿದರು.

“ಇದು ನಿಮ್ಮ ಬಟ್ಟೆ, ಅತ್ತಿಗೆ.”

ಮೈದುನನೂ ಅಲ್ಲೇ ಇದ್ದ. ಅವನು ನಗಲು ಬಾಯಿ ತೆರೆದು, ಅತ್ತಿಗೆಯ ಮುಖ ನೋಡಿ, ಮುಚ್ಚಿಕೊಂಡ. ಅವನ ಜೀವನದಲ್ಲಿ ಬಂದ ನಗು ನುಂಗಿದ್ದು ಅದೇ ಮೊದಲಿರಬೇಕು.

ಮೇಡಂ ನಿಧಾನವಾಗಿ ವಿವರಿಸಿದರು. ಹಸಿ ಮೀನಿನಲ್ಲಿ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ, ಅದಕ್ಕೇ ಐಸು. ಮೀನು ಒಣಗಿದರೆ, ಉಪ್ಪು ಹಿಡಿದರೆ, ಅವುಗಳಿಗೆ ಕುಡಿಯಲು ನೀರಿಲ್ಲ. ಕೆಲವು ಸಾಯುತ್ತವೆ, ಕೆಲವು ಸುಮ್ಮನೆ ಕಾಯುತ್ತವೆ. ಮೈದುನನ ಕೈಯಿಂದ ಅಂಟಿದ ಒಂದಿಷ್ಟೂ ಅಲ್ಲಿ ಬೆಳೆಯಲಾರವು. ಒದ್ದೆ ಬಟ್ಟೆ ಒರೆಸಿದರೆ ಹೊಸಬರು ಬಂದು ಸೇರುತ್ತಾರೆ, ಜೊತೆಗೆ ನೀರನ್ನೂ ತರುತ್ತಾರೆ, ತಡೆಯುವ ಉಪ್ಪನ್ನು ಬಟ್ಟೆ ಒಯ್ಯುತ್ತದೆ. ಆಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿ ವ್ಯಾನಿನಲ್ಲಿಟ್ಟರೆ ಮುಗಿಯಿತು.

“ವಾಸನೆ ಬರ್ತಿರಲಿಲ್ಲ,” ಎಂದರು ಅತ್ತಿಗೆ. “ಒಂದು ಚೂರು ವಾಸನೆ ಬಂದಿದ್ದರೂ ನಾನೇ ಸುಟ್ಟುಹಾಕ್ತಿದ್ದೆ.”

“ಕಾಯಿಲೆ ತರೋವು ಎಲ್ಲವೂ ವಾಸನೆ ಕೊಡಲ್ಲ. ಕೊಡಬೇಕು ಅಂತ ಕಾನೂನಿಲ್ಲ.”

“ಇಷ್ಟೇನಾ?” ಎಂದರು ಯಜಮಾನರು. ಅವರ ಮುಖದಲ್ಲಿ ತಿಂಗಳ ಮೇಲೆ ಮೊದಲ ಬಾರಿಗೆ ರಕ್ತ ಓಡಿತ್ತು. “ಹಾಗಾದರೆ ಒರೆಸೋದು ಬಿಟ್ಟರಾಯ್ತು. ಮೀನು ಚೆನ್ನಾಗೇ ಇದೆ. ಖರೀದಿ ನಿಲ್ಲಲ್ಲ ತಾನೆ?”

“ನಿಲ್ಲಲ್ಲ. ಒರೆಸ್ತಿದ್ದದ್ದು ಸ್ಯಾಂಪಲ್ಲಿಗೆ ಮಾತ್ರ ತಾನೆ?”

“ಮಾತ್ರ,” ಎಂದರು ಯಜಮಾನರು, ಪ್ರಶ್ನೆ ಮುಗಿಯುವ ಮೊದಲೇ.

ಅತ್ತಿಗೆ ಗಂಡನ ಕಡೆ ನೋಡಿದರು. ಗಂಡ ಬಲೆಗಳ ಕಡೆ ನೋಡಿದರು. ಮೇಡಂ ಚೀಲ ಹೆಗಲಿಗೇರಿಸಿ, ಚಹಾ ಬೇಡವೆಂದು ಹೇಳಿ, ವ್ಯಾನು ಹತ್ತಿದರು.

ಗೋಡೌನಿನ ಒಣ ಮೂಲೆಯಲ್ಲಿ, ಅತ್ತಿಗೆ ತುಂಡು ತುಂಡಾಗಿ ಒರೆಸಿ ತುಂಬಿದ ವಿಶೇಷ ಪೊಟ್ಟಣಗಳ ಪೆಟ್ಟಿಗೆಗಳು ಸೂರಿನವರೆಗೆ ನಿಂತಿದ್ದವು. ಮರುದಿನ ಬೆಳಿಗ್ಗೆ ಕಂಪನಿಯ ಲಾರಿ ಬರುವುದಿತ್ತು.

*

ಜಗಳ ಅಡುಗೆಮನೆಯಲ್ಲಿ, ತರಕಾರಿ ಹೆಚ್ಚುವ ಮಣೆಯ ಎರಡೂ ಬದಿಯಲ್ಲಿ ನಡೆಯಿತು.

“ಲಾರಿಗೆ ಹಾಕೋದು ಬೇಡ,” ಎಂದರು ಅತ್ತಿಗೆ.

“ಹುಚ್ಚು ಹಿಡೀತಾ? ಇಷ್ಟು ದಿನ ಹೋಗಿಲ್ವಾ? ತಿಂದೋರು ಯಾರಾದರೂ ಸತ್ತರಾ?”

“ಸತ್ತೋರು ಬಂದು ನಿಮ್ಮ ಹತ್ತಿರ ಹೇಳ್ತಾರಾ ರೀ? ಹೊಟ್ಟೆ ಕೆಟ್ಟು ಮಲಗಿದೋನು ನಿನ್ನೆ ತಿಂದ ಮೊಟ್ಟೆ ಅಂತಾನೆ, ಹೋಟೆಲ್ ನೀರು ಅಂತಾನೆ. ನಮ್ಮ ಪೊಟ್ಟಣ ಅಂತ ಯಾರು ಅಂದುಕೋತಾರೆ? ಅದರ ಮೇಲೆ ‘ಶುದ್ಧ’ ಅಂತ ಬರೆಸಿದ್ದೀವಲ್ಲ.”

“ಹುರಿದರೆ ಎಲ್ಲಾ ಸಾಯ್ತವೆ ಬಿಡು,” ಎಂದರು ಮೂಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ಅಜ್ಜಿ.

“ಅದನ್ನ ಯಾರೂ ಹುರಿಯಲ್ಲ. ಹರಿದು ಹಾಗೇ ತಿನ್ನಿ ಅಂತ ನಾವೇ ಹೇಳಿದ್ದೀವಿ.”

ಯಜಮಾನರು ದನಿ ತಗ್ಗಿಸಿದರು. ತಗ್ಗಿದ ದನಿ ಹೆಚ್ಚು ಅಪಾಯದ್ದೆಂದು ಮನೆಗೆಲ್ಲ ಗೊತ್ತು. “ನೋಡು. ಈಗ ಹೇಳಿದರೆ ವಿಶೇಷ ಪೊಟ್ಟಣ ನಿಲ್ಲಿಸ್ತಾರೆ. ನಿಲ್ಲಿಸಿದರೆ ಆ ಕೋಣೆ ಇರಲ್ಲ, ಕೋಣೆ ಇಲ್ಲದಿದ್ದರೆ ಅಲ್ಲಿ ನೀನೂ ಇರಲ್ಲ. ಇಡೀ ಊರಿಗೆ ಏನು ಅಂತ ಗೊತ್ತಾಗುತ್ತೆ? ಅತ್ತಿಗೆಯ ಕೈಯಿಂದಲೇ ಗಲೀಜು ಅಂತ. ನಿನಗೆ ಅದು ಬೇಕಾ?”

ಅವರು ಸರಿಯಾದ ಕಡೆಯೇ ಒತ್ತಿದ್ದರು. ಅತ್ತಿಗೆಗೆ ಅದು ಬೇಕಿರಲಿಲ್ಲ. ಉಗುರು ನೋಡಿ ಒಳಗೆ ಬಿಡುತ್ತಿದ್ದ ಹೆಂಗಸರು, ಒಂದು ಕಾಲದಲ್ಲಿ ಉಗುರು ಉದ್ದವಿದೆಯೆಂದು ಮನೆಗೆ ಕಳಿಸಿದ್ದ ಹೆಂಗಸರು, ನಾಳೆ ಗೇಟಿನಲ್ಲಿ ಏನು ಅನ್ನುತ್ತಾರೆಂದು ಅವರಿಗೆ ಅಕ್ಷರ ಅಕ್ಷರ ಗೊತ್ತಿತ್ತು. ಅವರು ಅರ್ಧ ಹೆಚ್ಚಿದ ಬೀನ್ಸನ್ನು ಹಾಗೇ ಬಿಟ್ಟು ಎದ್ದರು. ಕೈ ತೊಳೆದರು. ಫೋನು ಮುಟ್ಟುವ ಮೊದಲು ಕೈ ತೊಳೆಯುವುದು ಅವರ ಅಭ್ಯಾಸ.

“ಮೇಡಂ, ನಾನು ಒಣಮೀನಿನ ಅಂಗಳದ ಅತ್ತಿಗೆ. ಹ್ಞೂಂ. ನೀವು ಕೇಳಿದ್ರಲ್ಲ, ಸ್ಯಾಂಪಲ್ಲಿಗೆ ಮಾತ್ರ ತಾನೆ ಅಂತ. ಅಲ್ಲ.”

ಆ ಕಡೆಯಿಂದ ಬಹಳ ಹೊತ್ತು ಮಾತು ಬಂತು. ಅತ್ತಿಗೆ ಮಧ್ಯೆ ಮಧ್ಯೆ ‘ಹ್ಞೂಂ’ ಎಂದರು, ಒಂದು ಸಲ ‘ಎಲ್ಲವೂ’ ಎಂದರು. ಫೋನಿಟ್ಟು ಬಂದು ಬೀನ್ಸ್ ಹೆಚ್ಚತೊಡಗಿದರು. ಯಜಮಾನರು ಅಂಗಳಕ್ಕೆ ಹೋದರು. ಅಜ್ಜಿ ಬೆಳ್ಳುಳ್ಳಿಯ ಸಿಪ್ಪೆಯನ್ನು ಊದಿ ಹಾರಿಸಿ, “ಒಟ್ಟಿನಲ್ಲಿ ನಾಯಿ ನೆಕ್ಕಿದ್ದೇ ವಾಸಿ ಅಂತಾಯ್ತು,” ಎಂದರು. ಅದಕ್ಕೆ ಅತ್ತಿಗೆ ನಕ್ಕರೋ ಇಲ್ಲವೋ ಹೇಳುವುದು ಕಷ್ಟ; ಹೆಚ್ಚುವ ಮಣೆಯ ಮೇಲೆ ಬಾಗಿದ್ದರು.

*

ಕಂಪನಿ ದೊಡ್ಡದು. ಅಲ್ಲಿ ಪ್ರತಿಯೊಂದಕ್ಕೂ ಒಂದು ವಿಭಾಗವಿದೆ. ಮೇಡಂ ಇರುವ ವಿಭಾಗ ಅತ್ತಿಗೆಗೆ ಧನ್ಯವಾದ ಹೇಳಿತು. ಖರೀದಿ ವಿಭಾಗ ಅಂಗಡಿಗಳಿಂದ ಪೊಟ್ಟಣಗಳನ್ನು ವಾಪಸು ತರಿಸಿ, ಅದರ ಖರ್ಚನ್ನು ಅಂಗಳದ ತಲೆಗೆ ಕಟ್ಟಿತು. ನಿಯಮ ನೋಡಿಕೊಳ್ಳುವ ವಿಭಾಗಕ್ಕೆ ಇನ್ನೊಂದು ಯೋಚನೆ ಬಂತು: ಇನ್ನು ಮುಂದೆ ಅಂಗಳದ ಸ್ವಚ್ಛತೆಗೆ ಹೊಣೆಯಾಗಿ ಒಬ್ಬರನ್ನು ಗೊತ್ತುಮಾಡಬೇಕು, ಮತ್ತು ಆ ವ್ಯಕ್ತಿ ಸ್ಯಾಂಪಲ್ ಕೊಟ್ಟಾಗ ಫೇಲ್ ಆಗಿರಕೂಡದು. ಅಂಗಳದಲ್ಲಿ ಸ್ಯಾಂಪಲ್ ಕೊಟ್ಟು ಪಾಸಾದವರು ಒಬ್ಬರೇ ಇದ್ದರು.

“ನಾನು ಬೇಡ ಅಂದೆ,” ಎಂದ ಮೈದುನ ಅತ್ತಿಗೆಯ ಮುಂದೆ ನಿಂತು. ಕಂಪನಿ ಕಳಿಸಿದ ಬಿಳಿ ಟೋಪಿ ಅವನ ತಲೆಯ ಮೇಲಿತ್ತು, ಸ್ವಲ್ಪ ಚಿಕ್ಕದು. “ನಿಯಮ ಅಂತೆ.”

“ಉಗುರು ತೋರಿಸು.”

ಅವನು ತೋರಿಸಿದ.

“ಹೋಗಿ ಕತ್ತರಿಸಿಕೊಂಡು ಬಾ. ಆ ಬೆಕ್ಕಿನ ತಲೆಯನ್ನೂ ಜೇಬಿಂದ ತೆಗೆದಿಡು.”

“ಬೆಕ್ಕಿನ ತಲೆ ಅಲ್ಲ ಅತ್ತಿಗೆ, ಬೆಕ್ಕಿಗೆ ಅಂತ ಇಟ್ಟ ಮೀನಿನ ತಲೆ.”

“ಯಾವುದಾದರೂ ಸರಿ, ತೆಗಿ.”

ಗೇಟಿನಲ್ಲಿ ಹೆಂಗಸರು ಅಂದುಕೊಂಡಷ್ಟು ಮಾತಾಡಲಿಲ್ಲ. ಒಬ್ಬಳು ಮಾತ್ರ, ಹಿಂದೆ ಉಗುರಿನ ಕಾರಣಕ್ಕೆ ಮನೆಗೆ ಹೋದವಳು, ಒಳಗೆ ಬರುವಾಗ ಎರಡೂ ಕೈ ಚಾಚಿ, “ನನ್ನದು ನೋಡ್ತೀರಾ ಅತ್ತಿಗೆ, ಇಲ್ಲ ನಿಮ್ಮದು ತೋರಿಸ್ತೀರಾ?” ಎಂದು ಕೇಳಿದಳು. ಅತ್ತಿಗೆ ತಮ್ಮ ಎರಡೂ ಕೈ ಮುಂದೆ ಚಾಚಿದರು. ಅವಳು ನೋಡಿದಳು, ತಿರುಗಿಸಿಯೂ ನೋಡಿದಳು, ಏನೂ ಸಿಗದೆ ಒಳಗೆ ಹೋದಳು.

ವಾಪಸು ಬಂದ ಪೊಟ್ಟಣಗಳನ್ನೂ ಗೋಡೌನಿನಲ್ಲಿದ್ದ ಪೆಟ್ಟಿಗೆಗಳನ್ನೂ ಹರಿದು, ಸುಣ್ಣ ಹಾಕಿ, ಅಂಗಳದ ಹಿಂದಿನ ಖಾಲಿ ಜಾಗದಲ್ಲಿ ಆಳವಾಗಿ ಹೂತದ್ದಾಯಿತು. ವಿಶೇಷ ಪೊಟ್ಟಣಕ್ಕೆ ಕಂಪನಿ ಮತ್ತೆ ಒಪ್ಪಿಗೆ ಕೊಡುವುದು ಮುಂದಿನ ಹಂಗಾಮಿನಲ್ಲಿ, ಅದೂ ಹೊಸದಾಗಿ ಪರೀಕ್ಷೆ ಮಾಡಿದ ಮೇಲೆ. ಅಲ್ಲಿಯವರೆಗೆ ಪ್ಯಾಕಿಂಗ್ ಕೋಣೆ ಮುಚ್ಚಿರುತ್ತದೆ. ಸೋಮವಾರದಿಂದ ಅತ್ತಿಗೆ ದೋಣಿಯ ಹಸಿ ಮೀನು ಬರುವ ಕಡೆ, ಐಸಿನ ಪೆಟ್ಟಿಗೆಗಳ ಹತ್ತಿರ ಕೆಲಸ ಮಾಡುತ್ತಾರೆ.